ದೋಣಿಯ ಹುಟ್ಟಿಗೆ ಆಯುಧಪೂಜೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಸಿಂಗಪುರದ ನಮ್ಮ ವರ್ಷಗಳಲ್ಲಿ ನಾನು ಅತ್ಯಂತ ಪ್ರೀತಿಯಿಂದ ನೆನೆಯುವ ಜಾಗ ಸಿಕ್ಕಿದ್ದು ಆ ಕೋಪದಿಂದಲೇ.

ತೊಂಬತ್ತರ ದಶಕದ ನಡುಭಾಗ ಅದು. ಹೌಗಾಂಗ್‌ನ ಫ್ಲ್ಯಾಟೊಂದರ ಒಂಬತ್ತನೇ ಮಹಡಿಯಲ್ಲಿ ನಮ್ಮ ಮನೆ. ಗಂಡನಿಗೆ ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಕೆಲಸ, ಮಗಳಿಗೆ ಸ್ಕೂಲು, ನನಗೆ ಮಾತ್ರ ಏನೂ ಇಲ್ಲ. ನನ್ನ ವೀಸಾದಲ್ಲಿ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮನೆ ಖಾಲಿಯಾದರೆ ಮಧ್ಯಾಹ್ನದವರೆಗೆ ಗೋಡೆಗಳ ಜೊತೆ ಮಾತಾಡಬೇಕು. ಹಾಗಾಗಿ ಕರಿಬೇವು ಬೇಕೆಂಬ ನೆಪ ಮಾಡಿಕೊಂಡು ಬಸ್ಸು ಹತ್ತಿ ನಮ್ಮವರ ಅಂಗಡಿಗಳಿರುವ ಸೆರಂಗೂನ್ ಕಡೆ ಹೋಗುತ್ತಿದ್ದೆ. ವಾರಕ್ಕೆ ನಾಲ್ಕು ಸಲ ಕರಿಬೇವು ಕೊಳ್ಳುವ ಮನೆ ಇಡೀ ಸಿಂಗಪುರದಲ್ಲಿ ನಮ್ಮದೊಂದೇ ಇದ್ದಿರಬೇಕು.

ಒಂದು ದಿನ ಬಸ್ ಸ್ಟಾಪಿಗೆ ಅಡ್ಡದಾರಿ ಹಿಡಿದಾಗ ಹಳೆಯ ಎರಡಂತಸ್ತಿನ ಮನೆಯೊಂದರ ಬಾಗಿಲಲ್ಲಿ ಕೈಬರಹದ ಇಂಗ್ಲಿಷ್ ಬೋರ್ಡು ಕಂಡಿತು. ಚಿನ್ನಕ್ಕಾಗಿ ಹೋದವರು, ಕಡಲಲ್ಲಿ ಬಾಳಿದವರು, ಇಬ್ಬರ ಕಥೆಯ ಚಿಕ್ಕ ಮ್ಯೂಸಿಯಂ, ಪ್ರವೇಶ ಉಚಿತ ಎಂದು ಅದರಲ್ಲಿತ್ತು. ನಾನು ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವಳು. ನನ್ನ ಅಪ್ಪ ಅಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಅಂದರೆ ಕೆಲಸಗಾರರು ನಿಂತ ಕಬ್ಬಿಣದ ಪಂಜರವನ್ನು ಗಣಿಯೊಳಕ್ಕೆ ಇಳಿಸುವ, ಪಾಳಿ ಮುಗಿದ ಮೇಲೆ ಮತ್ತೆ ಮೇಲಕ್ಕೆ ಎಳೆಯುವ ದೊಡ್ಡ ಯಂತ್ರವನ್ನು ನಡೆಸುವವರು. ಚಿನ್ನದ ಕಥೆಯನ್ನು ನಮಗೆ ಹೇಳುವವರು ಯಾರಪ್ಪ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಮೇಲಿನ ಮಹಡಿಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಫಳಫಳ ಹೊಳೆಯುವ ಒಂದು ಕಲ್ಲಿತ್ತು. ಪಕ್ಕದ ಚೀಟಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಚಿನ್ನದ ಅದಿರು’ ಎಂದು ಬರೆದಿತ್ತು. ನನಗೆ ಸಿಟ್ಟು ಬಂತು. ಅಂಥ ಕಲ್ಲನ್ನು ನಮ್ಮೂರಿನ ಐದು ವರ್ಷದ ಮಕ್ಕಳೂ ಚಿನ್ನ ಎನ್ನುವುದಿಲ್ಲ. ಅದರಲ್ಲಿರುವುದು ಕಬ್ಬಿಣ ಮತ್ತು ಗಂಧಕ. ನಿಜವಾದ ಅದಿರು ಬೂದುಬಣ್ಣದ, ಯಾರೂ ತಿರುಗಿ ನೋಡದ ಕಲ್ಲು. ಮೂಲೆಯಲ್ಲಿ ಕೂತು ಪೇಪರ್ ಓದುತ್ತಿದ್ದ ಚೀನೀ ಮುದುಕರಿಗೆ ಇದನ್ನೆಲ್ಲ ಒಂದೇ ಉಸಿರಿನಲ್ಲಿ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪೆಟ್ಟಿಗೆ ತೆಗೆದು ಚೀಟಿಯನ್ನು ಹೊರಗೆಳೆದರು. ಹೊಸ ಚೀಟಿಯ ಮೇಲೆ, ಚಿನ್ನವೆಂದು ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದ ಕಲ್ಲು, ಎಂದು ಬರೆದು ಅಲ್ಲೇ ಇಟ್ಟರು. ಆಮೇಲೆ ನನಗೊಂದು ಲೋಟ ಬಾರ್ಲಿ ನೀರು ಕೊಟ್ಟರು. ಆ ಚೀಟಿಯ ‘ನಾನು’ ಎಂಬ ಮಾತಿಗೆ ನನ್ನ ಕೋಪವೆಲ್ಲ ಇಳಿದುಹೋಯಿತು.

ಅವರು ರಿಟೈರಾದ ಸ್ಕೂಲ್ ಮೇಷ್ಟರು. ಹೆಂಡತಿ ತೀರಿಕೊಂಡ ಮೇಲೆ ಮನೆಯನ್ನೇ ಮ್ಯೂಸಿಯಂ ಮಾಡಿಕೊಂಡಿದ್ದರು. ಹಿಂಭಾಗದಲ್ಲಿ ಒಂದು ಕೋಣೆ, ಅಡುಗೆಮನೆ ಮಾತ್ರ ಅವರ ಸಂಸಾರಕ್ಕೆ. ನಾನು ಅವರನ್ನು ಮೇಷ್ಟ್ರೇ ಎಂದು ಕನ್ನಡದಲ್ಲೇ ಕರೆಯತೊಡಗಿದೆ. ನನ್ನ ಗಂಡನ ಉದ್ದ ಹೆಸರು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅವರು ನನ್ನನ್ನು ಮಿಸೆಸ್ ಕೋಲಾರ್ ಎಂದು ಕರೆದರು. ತಿಂಗಳೊಳಗೆ ಮನೆಯ ಇನ್ನೊಂದು ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು. ವಾರಕ್ಕೆ ಮೂರು ದಿನ ಹೋಗುವುದು, ಧೂಳು ಹೊಡೆಯುವುದು, ಯಾರಾದರೂ ಬಂದರೆ ತೋರಿಸುವುದು. ಸಂಬಳವೇನೂ ಇಲ್ಲ. ನನ್ನ ಗಂಡ ಇದನ್ನು ಬಾರ್ಲಿ ನೀರಿನ ನೌಕರಿ ಎನ್ನುತ್ತಿದ್ದ.

ಬರುವವರಾದರೂ ಎಷ್ಟು ಮಂದಿ. ದಾರಿ ತಪ್ಪಿದ ಪ್ರವಾಸಿಗರು, ಟಾಯ್ಲೆಟ್ ಹುಡುಕುವವರು, ಮೇಷ್ಟರ ಹಳೆಯ ಶಿಷ್ಯರು. ಶಿಷ್ಯರು ಐವತ್ತು ದಾಟಿದವರು. ಆದರೂ ಒಳಗೆ ಬಂದೊಡನೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರು ಹೋದ ಮೇಲೆ ಮೇಷ್ಟರು ಸಂದರ್ಶಕರ ಪುಸ್ತಕ ತೆಗೆದು, ಅವರು ಬರೆದಿದ್ದ ಹೊಗಳಿಕೆಯ ಸ್ಪೆಲ್ಲಿಂಗ್‌ಗಳನ್ನು ಕೆಂಪು ಇಂಕಿನಲ್ಲಿ ತಿದ್ದುತ್ತಿದ್ದರು. ಮನೆಯ ತುಂಬ ಅವರ ಸೂಚನೆಗಳು. ಓಡಬೇಡಿ, ಒರಗಬೇಡಿ, ಮುಟ್ಟಬೇಡಿ, ಮೆಟ್ಟಿಲ ಮೇಲೆ ಕೂರಬೇಡಿ. ಎಲ್ಲವೂ ನಾಲ್ಕು ಭಾಷೆಗಳಲ್ಲಿ. ಹಿತ್ತಲಿನ ಪೇರಲೆ ಗಿಡಕ್ಕೂ ಒಂದು ಸೂಚನೆ ತೂಗುತ್ತಿತ್ತು.

ಆದರೆ ಅವರ ಕಥೆ ಚೆನ್ನಾಗಿತ್ತು. ಮಲಯದ ಪಹಾಂಗ್ ಸೀಮೆಯ ಹೊಳೆಗಳಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಸಿಂಗಪುರದ ಬಂದರಿಗೆ ಬಂದಾಗ ಕೂಲಿಗಳು, ಅಡುಗೆಯವರು, ಬಡಗಿಗಳು ಇದ್ದಬದ್ದ ಕೆಲಸ ಬಿಟ್ಟು ಓಡಿದರಂತೆ. ಅವರಲ್ಲಿ ಮೇಷ್ಟರ ತಾತನೂ ಒಬ್ಬ. ಆತ ಮರಳು ತೊಳೆದ ಮರದ ಬೋಗುಣಿ, ಗುದ್ದಲಿ, ಕೈದೀಪ ಎಲ್ಲ ಮೇಲಿನ ಕೋಣೆಯಲ್ಲಿದ್ದವು. ಆತನನ್ನು ಕರಾವಳಿಯ ಗುಂಟ ಹೊಳೆಯ ಬಾಯಿಯವರೆಗೆ ಒಯ್ದದ್ದು ಕಡಲ ಜನರ ದೋಣಿ. ಅವರು ಈ ದ್ವೀಪದ ಮೂಲದವರು. ಉಳಿದವರೆಲ್ಲ ಬಂದಿಳಿಯುವ ಮೊದಲೇ ಇಲ್ಲಿನ ನದೀಮುಖಗಳಲ್ಲಿ ದೋಣಿಯಲ್ಲೇ ಹುಟ್ಟಿ, ದೋಣಿಯಲ್ಲೇ ಅಡುಗೆ ಮಾಡಿ, ದೋಣಿಯಲ್ಲೇ ಮುದುಕರಾಗುತ್ತಿದ್ದವರು. ಚಿನ್ನಕ್ಕೆ ಹೋದವರ ಕಥೆ ಎಲ್ಲರೂ ಬರೆಯುತ್ತಾರೆ, ಕರೆದೊಯ್ದವರ ಕಥೆ ಯಾರು ಬರೆಯುತ್ತಾರೆ ಎಂದು ಕೇಳಿ ಮೇಷ್ಟರು ಕೆಳಗಿನ ದೊಡ್ಡ ಕೋಣೆಯನ್ನು ಅವರಿಗೆ ಮೀಸಲಿಟ್ಟಿದ್ದರು. ಆ ಮಾತಿಗೆ ನಾನು ಅವರಿಗೆ ಪೂರ್ತಿ ಸೋತುಹೋದೆ.

ಮೀಸಲಿಟ್ಟದ್ದೇನೋ ಸರಿ, ಕೋಣೆ ತುಂಬಿಸಲು ವಸ್ತು ಬೇಕಲ್ಲ. ದೋಣಿಯ ಜನ ಬಹಳ ಹಿಂದೆಯೇ ದಡ ಸೇರಿ, ಫ್ಲ್ಯಾಟುಗಳಿಗೆ ಹೋಗಿ, ಉಳಿದ ಮಲಯರೊಳಗೆ ಬೆರೆತುಹೋಗಿದ್ದರು. ದೋಣಿಗಳು ಕೊಳೆತು ಮಣ್ಣಾಗಿದ್ದವು. ಕೋಣೆಯಲ್ಲಿ ಕೆಲವು ಫೋಟೋ, ಒಂದು ಮೀನಿನ ಬಲೆ, ಒಂದು ಮಣ್ಣಿನ ಒಲೆ ಇದ್ದವು. ನಿಜವಾದ ಸಂಪತ್ತು ಒಂದೇ, ಗೋಡೆಗೆ ನಿಲ್ಲಿಸಿದ್ದ ದೋಣಿಯ ಹುಟ್ಟು. ನನ್ನ ಭುಜದೆತ್ತರದ, ಒಂದೇ ಮರದಲ್ಲಿ ಕೆತ್ತಿದ ಹುಟ್ಟು. ಹಿಡಿಯುವ ಜಾಗದಲ್ಲಿ ಮರ ಸವೆದು, ಬೆವರು ಕುಡಿದು ಕಪ್ಪಾಗಿತ್ತು. ಎರಡು ವರ್ಷದ ಹಿಂದೆ ಟ್ಯಾಂಪಿನೀಸ್‌ನ ಒಬ್ಬ ಅಜ್ಜಿ ಅದನ್ನು ತಂದುಕೊಟ್ಟಿದ್ದರು. ಅದು ಅವರ ಅಪ್ಪನದು. ಅಪ್ಪನ ದೋಣಿ, ಮನೆ, ಅಪ್ಪ ನಡೆದಾಡಿದ ದಡ ಯಾವುದೂ ಈಗಿಲ್ಲ, ಉಳಿದದ್ದು ಇದೊಂದೇ. ಫ್ಲ್ಯಾಟಿನಲ್ಲಿ ಜಾಗ ಸಾಲದೆ ಸೊಸೆ ಗೊಣಗುತ್ತಿದ್ದಳಂತೆ. ಕೊಡುವಾಗ ಅಜ್ಜಿ ಕೇಳಿಕೊಂಡದ್ದು ಒಂದೇ. ಪಾಲಿಷ್ ಹಾಕಬೇಡಿ, ಬಣ್ಣ ಬಳಿಯಬೇಡಿ, ಅಪ್ಪನ ಕೈ ಬಿದ್ದ ಜಾಗ ಹೇಗಿದೆಯೋ ಹಾಗೇ ಇರಲಿ. ಮೇಷ್ಟರು ಮಾತು ಕೊಟ್ಟಿದ್ದರು. ಕೊಟ್ಟದ್ದು ಎರವಲಾಗಿ, ಬೇಕೆಂದಾಗ ಒಯ್ಯಬಹುದು ಎಂದೂ ಹೇಳಿದ್ದರು.

ಪ್ರತಿ ತಿಂಗಳ ಮೊದಲ ಶನಿವಾರ ಅಜ್ಜಿ ಟ್ಯಾಂಪಿನೀಸ್‌ನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಪುಟ್ಟ ದೇಹ, ತಲೆಗೆ ಬಿಳಿಯ ಬಟ್ಟೆ, ಕೈಯಲ್ಲಿ ಬಾಳೆಹಣ್ಣಿನ ಬೋಂಡದ ಪೊಟ್ಟಣ. ಪೊಟ್ಟಣ ನಮ್ಮ ಕೈಗಿಟ್ಟು, ಹುಟ್ಟಿನ ಮುಂದೆ ಕಟ್ಟಿದ್ದ ಹಗ್ಗದಾಚೆ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಎರಡೂ ಕೈ ಮಡಿಲಲ್ಲಿ. ಅರ್ಧ ಗಂಟೆ ಮಾತಿಲ್ಲ, ಕದಲುವುದಿಲ್ಲ. ಆಮೇಲೆ ಎದ್ದು ನನ್ನ ಕೆನ್ನೆ ಸವರಿ ಹೋಗುತ್ತಿದ್ದರು. ನನಗೆ ಅವರ ಮಲಯ್ ಭಾಷೆ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟೇ ಗೊತ್ತು. ಅವರಿಗೆ ಇಂಗ್ಲಿಷ್ ಬಾರದು. ಆದರೂ ಆ ಕೆನ್ನೆ ಸವರುವಿಕೆಗಾಗಿ ನಾನು ತಿಂಗಳಿಡೀ ಕಾಯುತ್ತಿದ್ದೆ. ಅಮ್ಮನನ್ನು ಬಿಟ್ಟು ಬಂದು ಆರು ವರ್ಷವಾಗಿತ್ತು, ಕೆನ್ನೆ ಮುಟ್ಟುವವರು ಯಾರೂ ಇರಲಿಲ್ಲ.

ಅಜ್ಜಿ ಕೂರುವ ರೀತಿ ನೋಡಿ ಮೇಷ್ಟರು ಒಂದು ಚೀಟಿಯನ್ನೂ ಬರೆದಿಟ್ಟಿದ್ದರು. ತೀರಿಹೋದವರ ಸಲಕರಣೆಗಳನ್ನು ಮುಟ್ಟದೆ, ಮೌನವಾಗಿ ಮುಂದೆ ಕುಳಿತು ಗೌರವ ಸಲ್ಲಿಸುವುದು ಕಡಲ ಜನರ ಸಂಪ್ರದಾಯ, ಎಂದು. ನಾನು ಅದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದೆ. ಅಜ್ಜಿ ಕೂತಿರುವಾಗ ಯಾರಾದರೂ ಬಂದರೆ ದನಿ ತಗ್ಗಿಸಿ, ನೋಡಿ, ಇದು ಅವರ ಪದ್ಧತಿ ಎನ್ನುತ್ತಿದ್ದೆ. ಬಂದವರು ತಲೆದೂಗಿ ತುದಿಗಾಲಲ್ಲಿ ಹೋಗುತ್ತಿದ್ದರು.

ಈಗ ಆಯುಧಪೂಜೆಗೆ ಬರುತ್ತೇನೆ. ನಮ್ಮ ಗಣಿಯಲ್ಲಿ ವರ್ಷದ ಉಳಿದ ದಿನಗಳೆಲ್ಲ ಎಂಜಿನ್ ಮನೆಯೊಳಗೆ ಹೆಂಗಸರು ಮಕ್ಕಳು ಕಾಲಿಡುವ ಹಾಗಿರಲಿಲ್ಲ. ಆಯುಧಪೂಜೆಯ ಒಂದು ದಿನ ಮಾತ್ರ ಬಾಗಿಲು ತೆರೆದಿರುತ್ತಿತ್ತು. ಬಾಳೆಕಂದು ಕಟ್ಟಿ, ಹಿತ್ತಾಳೆಯ ಭಾಗಗಳನ್ನು ತಿಕ್ಕಿ, ಬೂದುಗುಂಬಳ ಒಡೆದು, ಎಲ್ಲರಿಗೂ ಪುರಿ ಕಡ್ಲೆ ಹಂಚುತ್ತಿದ್ದರು. ಅಪ್ಪ ನನ್ನನ್ನು ಎತ್ತಿಕೊಂಡು, ತಾವು ದಿನವೂ ಹಿಡಿಯುವ ಬ್ರೇಕಿನ ಹಿಡಿಗೆ ನನ್ನ ಕೈಯಿಂದಲೇ ಅರಿಶಿನ ಕುಂಕುಮ ಹಚ್ಚಿಸುತ್ತಿದ್ದರು. ಆ ಹಿಡಿ ಕೈಯಲ್ಲಿರುವಾಗ ನೂರು ಮನೆಯ ಗಂಡಸರ ಜೀವ ಅಪ್ಪನ ಕೈಯಲ್ಲಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನನಗೆ ದೇವರ ಮನೆಗಿಂತ ಆ ಹಿಡಿಯ ಮೇಲೆ ಭಕ್ತಿ ಹೆಚ್ಚಿತ್ತು.

ಸಿಂಗಪುರದಲ್ಲಿ ನಾನು ಪೂಜೆ ಮಾಡುತ್ತಿದ್ದದ್ದು ಮಿಕ್ಸಿಗೆ, ಕುಕ್ಕರಿಗೆ, ಮಗಳ ಜಾಮಿಟ್ರಿ ಬಾಕ್ಸಿಗೆ. ಮಗಳು, ಕ್ಯಾಲ್ಕ್ಯುಲೇಟರ್ ಮೇಲೆ ಕುಂಕುಮ ಬೇಡ ಲಾ ಅಮ್ಮಾ, ಎಂದು ಅಲ್ಲಿಯವರ ಲಾ ಸೇರಿಸಿ ಗೊಣಗುತ್ತಿದ್ದಳು. ಆ ವರ್ಷ ಹಬ್ಬ ಬುಧವಾರ ಬಂತು. ಮೇಷ್ಟರು ತಮ್ಮ ಸಂಬಂಧಿಕರ ಮದುವೆಗೆಂದು ಮಲೇಷ್ಯಾಕ್ಕೆ ಹೋಗಿದ್ದರು, ಶುಕ್ರವಾರ ಬರುವವರು. ಮ್ಯೂಸಿಯಂ ಮುಚ್ಚಿತ್ತು. ಬೀಗದ ಕೈ ನನ್ನಲ್ಲಿತ್ತು. ಮನೆಯ ಮಿಕ್ಸಿ ಕುಕ್ಕರುಗಳ ಪೂಜೆ ಐದು ನಿಮಿಷಕ್ಕೆ ಮುಗಿದಾಗ ನನ್ನ ತಲೆಗೆ ಹೊಳೆಯಿತು: ಅಲ್ಲಿ ಅಷ್ಟು ಆಯುಧಗಳು, ನಿಜವಾಗಿ ಅನ್ನ ದುಡಿದ ಆಯುಧಗಳು, ಹಬ್ಬದ ದಿನ ಕತ್ತಲಲ್ಲಿ ನಿಂತಿವೆಯಲ್ಲ.

ಮ್ಯೂಸಿಯಮ್ಮಿನ ವಸ್ತುವಿಗೆ ಪೂಜೆ ಮಾಡಬಾರದೆಂಬ ಯೋಚನೆ ನನಗೆ ಬರಲೇ ಇಲ್ಲ. ಇವತ್ತಿಗೂ ಅದು ನನಗೆ ಆಶ್ಚರ್ಯ. ಮಲ್ಲಿಗೆ ಕೊಂಡೆ, ನಿಂಬೆಹಣ್ಣು ಕೊಂಡೆ, ಹೋಗಿ ಬಾಗಿಲು ತೆಗೆದೆ. ಹಳೇ ಮರದ ಮನೆಯಾದ್ದರಿಂದ ಕರ್ಪೂರ ಮಾತ್ರ ಹಚ್ಚಲಿಲ್ಲ, ಅಷ್ಟು ಬುದ್ಧಿ ಇತ್ತು. ಮೇಲಿನ ಕೋಣೆಯ ಗುದ್ದಲಿಗೆ, ದೀಪಕ್ಕೆ, ಬೋಗುಣಿ ಇದ್ದ ಗಾಜಿನ ಪೆಟ್ಟಿಗೆಗೆ ಬೊಟ್ಟಿಟ್ಟು ಕೆಳಗೆ ಬಂದೆ. ಹುಟ್ಟನ್ನು ಬಿಟ್ಟರೆ ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸದೆ ಮುಂದೆ ಹೋದ ಹಾಗಾಗುತ್ತದೆ ಅನಿಸಿತು. ಹಗ್ಗ ದಾಟಿದೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಎಲ್ಲಿ ಹಚ್ಚಬೇಕೆಂದು ನೋಡಿದೆ. ಬೇರೆಲ್ಲಿ ಹಚ್ಚುತ್ತಾರೆ? ಕೈ ಹಿಡಿಯುವ ಜಾಗದಲ್ಲೇ. ಧಾರಾಳವಾಗಿ ಹಚ್ಚಿ, ಮೇಲೆ ಕುಂಕುಮವಿಟ್ಟು, ಮಲ್ಲಿಗೆ ಸುತ್ತಿ, ಕೈಮುಗಿದು ಬಂದೆ. ಆ ದಿನ ಮನಸ್ಸು ಎಷ್ಟು ತುಂಬಿತ್ತೆಂದರೆ ಬಸ್ಸಿನಲ್ಲಿ ಯಾರೋ ಕಾಲು ತುಳಿದರೂ ಜಗಳವಾಡಲಿಲ್ಲ.

ಗುರುವಾರ ಒರೆಸಲು ಹೋದೆ. ಗುದ್ದಲಿ, ದೀಪ, ಗಾಜು ಚೊಕ್ಕಟವಾದವು. ಹುಟ್ಟಿನ ಮೇಲೆ ಒದ್ದೆ ಬಟ್ಟೆ ಎಳೆದೆ, ಕುಂಕುಮ ಬಂತು, ಅರಿಶಿನ ಬರಲಿಲ್ಲ. ಒಣಗಿದ ಹಳೆಯ ಮರ ಅದನ್ನು ಒಳಕ್ಕೆ ಎಳೆದುಕೊಂಡಿತ್ತು. ಹಿಂದಿನ ಅಡುಗೆಮನೆಗೆ ಓಡಿ ಬಟ್ಟೆ ಒಗೆಯುವ ಸೋಪು ತಂದು ಗಸಗಸ ಉಜ್ಜಿದೆ. ಅರಿಶಿನದ ಕಲೆಗೆ ಸೋಪು ಹಾಕಿದರೆ ಅದು ಕೆಂಪಾಗುತ್ತದೆ ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಎಷ್ಟು ರವಿಕೆಗಳಲ್ಲಿ ಅದನ್ನು ಕಂಡಿದ್ದೇನೆ. ಆ ಗಾಬರಿಯಲ್ಲಿ ಅದೊಂದು ನೆನಪಾಗಲಿಲ್ಲ. ನೋಡನೋಡುತ್ತಿದ್ದಂತೆ ಹಳದಿ ಕಲೆ ಅಂಗೈಯಗಲ ಹರಡಿ ಇಟ್ಟಿಗೆಯಂತೆ ಕೆಂಪಾಯಿತು. ಅಜ್ಜಿಯ ಅಪ್ಪನ ಕೈ ಬೆವರಿನ ಕಪ್ಪು ಅದರಡಿ ಮುಚ್ಚಿಹೋಯಿತು. ನಾನು ನೆಲದ ಮೇಲೆ ಕೂತು ಅತ್ತೆ.

ಸಂಜೆ ಗಂಡನಿಗೆ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದ.

“ಮ್ಯೂಸಿಯಂನಲ್ಲಿ ಪೂಜೆ ಮಾಡು ಅಂತ ನಿನಗೆ ಯಾರ್ ಹೇಳಿದ್ರು? ಅದೇನು ನಿಮ್ಮಪ್ಪನ ಎಂಜಿನ್ನಾ?”

ಯಾವತ್ತೂ ಮಾತಿಗೆ ಮಾತು ಕೊಡುವವಳು ಸುಮ್ಮನಿದ್ದದ್ದು ನೋಡಿ ಅವನಿಗೆ ಪಾಪ ಅನಿಸಿರಬೇಕು. ಸ್ಯಾಂಡ್‌ಪೇಪರ್ ಹಾಕಿ ತೆಳ್ಳಗೆ ಉಜ್ಜಿದರೆ ಹೋಗುತ್ತದೆ, ಯಾರ್ಡಿನಿಂದ ತರುತ್ತೇನೆ ಎಂದ. ಉಜ್ಜಿದರೆ ಕಲೆ ಹೋಗುತ್ತದೆ ನಿಜ, ಜೊತೆಗೆ ಅಜ್ಜಿಯ ಅಪ್ಪನೂ ಹೋಗುತ್ತಾರೆ. ಬೇಡ ಎಂದೆ. ಅಜ್ಜಿ ಬರುವ ಶನಿವಾರಕ್ಕೆ ಇನ್ನೊಂದೇ ದಿನ ಉಳಿದಿತ್ತು. ಅವರು ಹುಟ್ಟನ್ನು ವಾಪಸು ಒಯ್ಯುತ್ತಾರೆ, ಮೇಷ್ಟರ ಕೋಣೆ ಬರಿದಾಗುತ್ತದೆ, ಇನ್ನು ಆ ಅಜ್ಜಿ ನನ್ನ ಕೆನ್ನೆ ಮುಟ್ಟುವುದಿಲ್ಲ. ಇದಿಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಮೇಲಾಗಿ ಅಜ್ಜಿ ಐದು ಹೊತ್ತು ನಮಾಜು ತಪ್ಪಿಸದವರು. ನನ್ನ ಬೊಟ್ಟು ಅವರಿಗೆ ಹೇಗೆ ಕಂಡೀತು?

ಶುಕ್ರವಾರ ಮೇಷ್ಟರು ಬಂದರು. ಮದುವೆಯ ಕೇಕಿನ ಒಂದು ತುಂಡನ್ನು ನನಗೆಂದು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹುಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೂಚನೆಯ ಪ್ರಕಾರ ಅಲ್ಲಿ ಕೂರುವ ಹಾಗಿರಲಿಲ್ಲ. ನಾನು ಆಕೆಗೆ ಮಾತು ಕೊಟ್ಟಿದ್ದೆ ಮಿಸೆಸ್ ಕೋಲಾರ್, ಎಂದಷ್ಟೇ ಅಂದರು.

ಆಮೇಲೆ ನಾವಿಬ್ಬರೂ ಸೇರಿ ಒಂದು ನಾಚಿಕೆಗೇಡಿನ ಕೆಲಸ ಮಾಡಿದೆವು. ಹುಟ್ಟನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದೆವು. ಕೆಂಪು ಕಲೆ ಗೋಡೆಯ ಕಡೆಗೆ, ಕಲೆಯಿಲ್ಲದ ಬೆನ್ನು ಹೊರಗೆ. ಅಜ್ಜಿಯ ಕಣ್ಣು ಮಂಜು, ಗೊತ್ತಾಗುವುದಿಲ್ಲ ಎಂದು ನಾನೇ ಹೇಳಿದೆ. ಸ್ವಲ್ಪ ದಿನ ಸಿಕ್ಕರೆ ಮರದ ಕೆಲಸ ಬಲ್ಲವರನ್ನು ಕೇಳಬಹುದು ಎಂದು ಮೇಷ್ಟರು ಹೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಕೇಕು ನನ್ನ ಬ್ಯಾಗಿನಲ್ಲೇ ಒಣಗಿತು.

ಶನಿವಾರ ಅಜ್ಜಿ ಹನ್ನೊಂದಕ್ಕೆ ಬಂದರು. ಪೊಟ್ಟಣ ಕೈಗಿಟ್ಟರು, ಇನ್ನೂ ಬಿಸಿ ಇತ್ತು. ಸ್ಟೂಲಿನ ಮೇಲೆ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಮೇಷ್ಟರು ಸುಮ್ಮನೆ ಒಂದು ಫೋಟೋದ ಚೌಕಟ್ಟನ್ನು ಮೂರನೇ ಸಲ ಒರೆಸುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಅಜ್ಜಿಯ ಬೆನ್ನು ನೋಡುತ್ತಿದ್ದೆ. ಐದು ನಿಮಿಷ, ಹತ್ತು ನಿಮಿಷ. ಅವರು ನಾವು ತಿರುಗಿಸಿಟ್ಟ ಹುಟ್ಟಿನ ಬೆನ್ನನ್ನೇ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಕೋಪ ಹೇಗೆ ನನ್ನ ಕೈಮೀರಿ ಬರುತ್ತದೋ ಹಾಗೆಯೇ ನಿಜವೂ ಬಂದುಬಿಟ್ಟಿತು. ಹೋಗಿ ಅವರ ಕಾಲಬುಡದಲ್ಲಿ ಕೂತೆ. ನನಗೆ ಬರುವ ಮಾರ್ಕೆಟ್ಟಿನ ಮಲಯ್‌ನಲ್ಲಿ, ನಾನು ತಪ್ಪು ಮಾಡಿದೆ, ನಿಮ್ಮ ಅಪ್ಪನ ಹುಟ್ಟು ಕೆಡಿಸಿದೆ ಎಂದೆ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ, ಮೇಷ್ಟರು ತಡವರಿಸುತ್ತ ಅವರ ಭಾಷೆಗೆ ತಿರುಗಿಸಿದರು. ನನ್ನ ಅಪ್ಪನ ಎಂಜಿನ್ ಬಗ್ಗೆ, ವರ್ಷಕ್ಕೊಮ್ಮೆ ನಾವು ಬೊಟ್ಟಿಡುವ ಬಗ್ಗೆ, ಅರಿಶಿನದ ಬಗ್ಗೆ, ಸೋಪಿನ ಬಗ್ಗೆ, ನಿನ್ನೆ ನಾವು ಅದನ್ನು ತಿರುಗಿಸಿಟ್ಟ ಬಗ್ಗೆ. ಒಂದನ್ನೂ ಬಿಡಲಿಲ್ಲ.

ಅಜ್ಜಿ ಪೂರ್ತಿ ಕೇಳಿದರು. ಎದ್ದು ನಿಂತರು. ಹಗ್ಗದವರೆಗೆ ನಡೆದರು. ಅಲ್ಲಿ ನಿಂತು ಮೇಷ್ಟರ ಕಡೆ ತಿರುಗಿ, ಸ್ಕೂಲಿನ ಮಗುವಿನ ಹಾಗೆ ಸಣ್ಣ ದನಿಯಲ್ಲಿ ಎರಡು ಶಬ್ದ ಕೇಳಿದರು.

“ಬೊಲೆಹ್ ಪೆಗಾಂಗ್?”

ಅಷ್ಟು ಮಲಯ್ ನನಗೂ ಗೊತ್ತಿತ್ತು. ಹಿಡಿದುಕೊಳ್ಳಬಹುದಾ, ಎಂದು ಕೇಳಿದ್ದರು.

ಮೇಷ್ಟರಿಗೆ ತಕ್ಷಣ ಅರ್ಥವಾಗಲಿಲ್ಲ. ಅದು ನಿಮ್ಮದೇ ಅಲ್ಲವಾ, ಕೇಳುವುದೇನಿದೆ ಎಂದರು. ಅಜ್ಜಿ ಗೋಡೆಯ ಮೇಲಿನ ಸೂಚನೆಯ ಕಡೆ ಬೆರಳು ಮಾಡಿದರು. ಅವರಿಗೆ ಓದಲು ಬಾರದು. ಹುಟ್ಟನ್ನು ತಂದುಕೊಟ್ಟ ಮುಂದಿನ ತಿಂಗಳು ಮೊಮ್ಮಗಳ ಜೊತೆ ಬಂದಿದ್ದರಂತೆ. ಕೈ ಚಾಚಿದಾಗ ಮೊಮ್ಮಗಳು ತಡೆದು, ಮುಟ್ಟಬಾರದು ಅಂತ ಬರೆದಿದೆ ಅಜ್ಜಿ ಎಂದಳಂತೆ. ಇಲ್ಲಿರುವಷ್ಟು ದಿನ ಕೊಟ್ಟವರೂ ಮುಟ್ಟುವ ಹಾಗಿಲ್ಲ ಎಂದು ಅಜ್ಜಿ ತಿಳಿದುಕೊಂಡರು. ದೊಡ್ಡವರು ಬರೆದದ್ದು, ಸರ್ಕಾರದ್ದೇ ಇರಬಹುದು, ಕೇಳುವುದು ಹೇಗೆ? ಅದಕ್ಕೇ ಎರಡು ವರ್ಷ ಬಸ್ಸು ಬದಲಿಸಿ ಬಂದು, ಮಡಿಲಲ್ಲಿ ಕೈ ಇಟ್ಟುಕೊಂಡು, ನೋಡಿ ಹೋಗುತ್ತಿದ್ದರು. ಅದನ್ನು ನಾವು ಕಡಲ ಜನರ ಸಂಪ್ರದಾಯ ಎಂದು ಬರೆದು ಗೋಡೆಗೆ ಅಂಟಿಸಿದ್ದೆವು.

ಮೇಷ್ಟರ ಮುಖ ನೋಡಲಾಗುತ್ತಿರಲಿಲ್ಲ. ಅವರು ಹಗ್ಗ ಬಿಚ್ಚಲು ಹೋದರು. ಗಂಟು ಅವರೇ ಹಾಕಿದ್ದು, ಬಿಗಿದುಹೋಗಿ ಬಿಚ್ಚಲಾಗಲಿಲ್ಲ. ಕೊನೆಗೆ ಹಗ್ಗವನ್ನು ಮೇಲೆತ್ತಿ ಹಿಡಿದರು, ಅಜ್ಜಿ ಬಗ್ಗಿ ಒಳಗೆ ಹೋದರು. ಹುಟ್ಟನ್ನು ತಿರುಗಿಸಿದರು. ಕೆಂಪು ಕಲೆ ಬೆಳಕಿಗೆ ಬಂತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು, ಮೂಗಿನ ಬಳಿ ಹಿಡಿದು ವಾಸನೆ ನೋಡಿದರು. ಅವರು ಹೇಳಿದ್ದನ್ನು ಮೇಷ್ಟರು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಕಿವಿಯಲ್ಲಿ ಅದು ಇವತ್ತಿಗೂ ಕನ್ನಡದಲ್ಲೇ ಇದೆ.

“ಇದಕ್ಕೆ ಪೂಜೆಗೀಜೆ ಬೇಡಮ್ಮ. ಇದು ದೇವರಲ್ಲ, ನಮ್ಮಪ್ಪ ದೋಣಿ ನಡೆಸ್ತಿದ್ದ ಕೋಲು.”

ಆಯಿತು ಎಂದು ತಲೆಯಾಡಿಸಿದೆ. ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಇನ್ನೊಂದು ಮಾತು ಕೇಳಿದರು. ಮೇಷ್ಟರು ನನ್ನ ಮುಖ ನೋಡದೆ ಅದನ್ನು ಇಂಗ್ಲಿಷಿಗೆ ತಿರುಗಿಸಿದರು.

“ನೀನು ಮುಟ್ಟಿದೆಯಲ್ಲ, ನಿನಗೆ ಯಾರೂ ಬೇಡ ಅನ್ನಲಿಲ್ವಾ?”

ನನಗೆ ಯಾರೂ ಬೇಡ ಅಂದಿರಲಿಲ್ಲ. ನಾನು ಯಾರನ್ನೂ ಕೇಳಿರಲೂ ಇಲ್ಲ. ಎಲ್ಲಿಂದಲೋ ಬಂದವಳು ನಾನು. ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು, ಹಗ್ಗ ದಾಟುವಾಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ಆ ಸೂಚನೆಯನ್ನು ವಾರಕ್ಕೆ ಮೂರು ಸಲ ಒರೆಸುತ್ತಿದ್ದವಳೂ ನಾನೇ. ಕಲೆ ಮಾಡಿದ್ದಕ್ಕೆ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ. ತಲೆ ತಗ್ಗಿಸಿ ಇಲ್ಲ ಎಂದೆ. ಅಷ್ಟಕ್ಕೇ ಅವರು ಬಿಟ್ಟುಬಿಟ್ಟರು.

ಅಜ್ಜಿ ಹುಟ್ಟನ್ನು ತೆಗೆದುಕೊಂಡು ಸ್ಟೂಲಿಗೆ ವಾಪಸು ಬಂದು, ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತರು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಮೇಷ್ಟರು ಸಂಪ್ರದಾಯದ ಚೀಟಿಯನ್ನು ಗೋಡೆಯಿಂದ ಕಿತ್ತು ಜೇಬಿಗೆ ಹಾಕಿಕೊಂಡರು. ಮೂವರೂ ಬೋಂಡ ತಿಂದೆವು. ಅಪ್ಪ ಮಳೆ ಬರುವ ಮುಂಚೆ ಹುಟ್ಟಿನಿಂದ ದೋಣಿಯ ಅಂಚಿಗೆ ತಟ್ಟಿ ಮಕ್ಕಳನ್ನೆಲ್ಲ ಒಳಗೆ ಕರೆಯುತ್ತಿದ್ದರು ಎಂದು ಅಜ್ಜಿ ಹೇಳಿದರು. ಸ್ಟೂಲಿನ ಕಾಲಿಗೆ ಮೆಲ್ಲಗೆ ತಟ್ಟಿ ತೋರಿಸಿದರು. ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾವು ಒಂದು ಮಾತನ್ನೂ ಕೇಳಿರಲಿಲ್ಲ, ನೋಡುತ್ತ ಮಾತ್ರ ಇದ್ದೆವು.

ಮಧ್ಯಾಹ್ನ ಅವರು ಎದ್ದು, ಮನೆಗೆ ಒಯ್ಯುತ್ತೇನೆ ಎಂದರು. ಈ ಸಲ ಒಯ್ಯಬಹುದಾ ಎಂದು ಕೇಳಲಿಲ್ಲ. ಮೇಷ್ಟರು ಹೋಗಿ ಬಾಗಿಲನ್ನು ಪೂರ್ತಿ ತೆರೆದು ಹಿಡಿದರು. ಅವರ ಕೋಣೆಯ ಸಂಪತ್ತು ಹೊರಗೆ ಹೋಗುವಾಗ ಅವರು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಆ ಮುದುಕರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಬೇರೆ ಯಾವತ್ತೂ ಇಲ್ಲ.

ಬಸ್ ಸ್ಟಾಪಿನವರೆಗೆ ನಾನು ಜೊತೆಗೆ ಹೋದೆ. ಒಂದು ತುದಿ ಹಿಡಿದುಕೊಳ್ಳಲೇ ಎಂದು ಸನ್ನೆ ಮಾಡಿದೆ, ಬೇಡ ಎಂದು ತಲೆಯಾಡಿಸಿದರು. ಬಸ್ಸು ಬಂದಾಗ ಡ್ರೈವರ್ ಆ ಉದ್ದದ ಕೋಲನ್ನು ನೋಡಿ ಇದೇನು ಎಂದು ಕೇಳಿದ. ನನ್ನ ಅಪ್ಪನದು ಎಂದು ಅಜ್ಜಿ ಹೇಳಿದರು. ಹತ್ತಿಸಿಕೊಂಡ. ಅವರು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಹುಟ್ಟನ್ನು ಮಂಡಿಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡರು. ನಾನು ಕೈ ಬೀಸಿದೆ. ಅವರು ನಕ್ಕರು, ಬೀಸಲಿಲ್ಲ. ಅವರ ಎರಡೂ ಕೈ ಹುಟ್ಟಿನ ಮೇಲಿದ್ದವು.